ಔಟ್‌ಬೋರ್ಡ್ ಮೋಟರಿನ ಹೆಡ್ ಗ್ಯಾಸ್ಕೆಟ್: ಎರಡು ಸಲ ಮಾಡಿದ ಒಂದೇ ಕೆಲಸ

ನನ್ನ ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸಿರುವುದು 8 ಅಶ್ವಶಕ್ತಿಯ, ಎರಡು ಸಿಲಿಂಡರಿನ ಹಳೆಯ ಟೂ ಸ್ಟ್ರೋಕ್ ಮೋಟರು. ಅದು ಹತ್ತು ನಿಮಿಷ ಓಡುವಷ್ಟರಲ್ಲಿ ಕಾದು ಸೊರಗತೊಡಗಿತು. ಹಿಂಬದಿಯ ಸಣ್ಣ ರಂಧ್ರದಿಂದ ತಂಪುನೀರು ಸರಿಯಾಗಿಯೇ ಚಿಮ್ಮುತ್ತಿದ್ದುದರಿಂದ ಪಂಪಿನೊಳಗೆ ತಿರುಗಿ ನೀರೆತ್ತುವ ರಬ್ಬರ್ ಚಕ್ರವನ್ನು, ಅಂದರೆ ಇಂಪೆಲ್ಲರನ್ನು, ದೂರುವಂತಿರಲಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದಾಗ ಮೇಲಿನದು ಎಂದಿನಂತೆ ಕಂದಾಗಿ ಜಿಡ್ಡಾಗಿತ್ತು. ಕೆಳಗಿನದು ಮಾತ್ರ ಹಬೆಯಲ್ಲಿ ತೊಳೆದಿಟ್ಟಂತೆ ಬೆಳ್ಳಗಿದ್ದು, ತುದಿಯಲ್ಲೊಂದು ನೀರಿನ ಹನಿ ನಿಂತಿತ್ತು. ಸಿಲಿಂಡರುಗಳಿಗೂ ಅವುಗಳ ಮುಚ್ಚಳವಾದ ಹೆಡ್ಡಿಗೂ ನಡುವೆ ಕೂತು ಸೋರಿಕೆ ತಡೆಯುವ ತೆಳು ಹಾಳೆಯಾದ ಗ್ಯಾಸ್ಕೆಟ್ ಸೋತು, ತಂಪುನೀರು ಕೆಳಗಿನ ಸಿಲಿಂಡರಿಗೆ ನುಗ್ಗುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೊದಲ ಸಲ ನಾನು ಅವಸರಪಟ್ಟೆ. ಹೆಡ್ ಬಿಚ್ಚಿ, ಹಳೆಯದನ್ನು ಕೆರೆದು, ಹೊಸ ಗ್ಯಾಸ್ಕೆಟ್ ಕೂರಿಸಿ ಬಿಗಿದೆ. ದೋಣಿಯ ಮೂರನೆಯ ಸುತ್ತಿನಲ್ಲೇ ಮೋಟರು ಮತ್ತೆ ಅದೇ ರೀತಿ ಕಾಯಿತು.

ಎರಡನೆಯ ಸಲ ಹೆಡ್ಡಿನ ಮೈಯೇ ಸಮತಟ್ಟಾಗಿಲ್ಲವೇನೋ ಎಂದು ಅನುಮಾನಿಸಿದೆ. ಉಪ್ಪುನೀರಿನಲ್ಲಿ ಓಡಿದ ಮೋಟರಿನಲ್ಲಿ ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕುಳಿಯ ತಿರುಪಿನ ಎಳೆಗಳೊಳಗೆ ಕಚ್ಚಿಕೊಂಡಿರುವುದು ಸಾಮಾನ್ಯ; ಒಂದು ಬೋಲ್ಟು ಅಲುಗದಿದ್ದಾಗ ಬಲ ಹಾಕದೆ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಒಂದು ರಾತ್ರಿ ಕಾದು, ಮರುದಿನ ಹಾಟ್ ಏರ್ ಗನ್ನಿನಿಂದ ಅದರ ಸುತ್ತಲಿನ ಲೋಹವನ್ನು ಕಾಯಿಸಿ, ಕೂದಲೆಳೆಯಷ್ಟು ಬಿಗಿದು ಕೂದಲೆಳೆಯಷ್ಟು ಸಡಿಲಿಸುತ್ತಾ ಹೊರತೆಗೆದೆ. ಅಲ್ಲಿ ಬೋಲ್ಟು ಮುರಿದಿದ್ದರೆ ಗ್ಯಾಸ್ಕೆಟ್ಟಿನ ಚಿಂತೆಯೇ ಮರೆತುಹೋಗುತ್ತಿತ್ತು. ಅಂಟಿದ ಚೂರುಗಳನ್ನು ಕೆರೆಯಲು ಈ ಸಲ ಉಳಿಯ ಬದಲು ಪ್ಲಾಸ್ಟಿಕ್ ಪಟ್ಟಿ ಬಳಸಿದೆ, ಏಕೆಂದರೆ ಮೊದಲ ಸಲದ ನನ್ನ ಉಳಿಯ ಗೀರುಗಳು ಅಲ್ಲೇ ಕಾಣುತ್ತಿದ್ದವು.

ಹೆಡ್ಡಿನ ಮೇಲೆ ನೇರ ಉಕ್ಕಿನ ಪಟ್ಟಿಯನ್ನು ಓರೆಯಾಗಿ ಇಟ್ಟಾಗ, ಎರಡು ಸಿಲಿಂಡರುಗಳ ನಡುವೆ ಸಂದು ಅಳೆಯುವ ತೆಳು ಲೋಹದ ಪಟ್ಟಿಯಾದ ಫೀಲರ್ ಗೇಜ್, 0.15 ಮಿಲಿಮೀಟರಿನದು, ಸಲೀಸಾಗಿ ನುಸುಳಿತು. ನನ್ನ ಮೋಟರಿನ ಕೈಪಿಡಿ ಒಪ್ಪುವುದು 0.1 ಮಾತ್ರ. ದಪ್ಪ ಗಾಜಿನ ಮೇಲೆ 320 ನಂಬರಿನ ಉಜ್ಜುಕಾಗದ (ವಾಟರ್ ಪೇಪರ್) ಹಾಸಿ, ಹೆಡ್ಡಿನ ಮೈತುಂಬ ಪೆನ್ಸಿಲಿನಿಂದ ಗೆರೆ ಎಳೆದು, ನೀರು ಚಿಮುಕಿಸುತ್ತಾ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿದೆ. ಅಂಚಿನ ಗೆರೆಗಳು ಬೇಗನೆ ಅಳಿಸಿದವು; ನಡುವಿನ ತಗ್ಗಿನಲ್ಲಿ ಎರಡು ಗೆರೆಗಳು ಬಹಳ ಹೊತ್ತು ಉಳಿದುಕೊಂಡವು. ಅವೂ ಮಾಯವಾದ ಮೇಲೆಯೇ ಕೈ ನಿಲ್ಲಿಸಿದೆ.

ಇನ್ನೊಂದು ತಪ್ಪು ಬೋಲ್ಟಿನ ಕುಳಿಗಳಲ್ಲಿ ಅಡಗಿತ್ತು. ತಳ ಮುಚ್ಚಿದ ಕುಳಿಯಲ್ಲಿ ಎಣ್ಣೆಯೋ ಕಸವೋ ಉಳಿದರೆ ಬೋಲ್ಟು ಅದನ್ನೇ ಒತ್ತಿ, ಹೆಡ್ಡನ್ನು ಪೂರ್ತಿ ಹಿಡಿಯುವ ಮೊದಲೇ ಬಿಗಿತ ಅಳೆಯುವ ಟಾರ್ಕ್ ರೆಂಚು ಟಿಕ್ಕೆನ್ನುತ್ತದೆ. ಎಲ್ಲವನ್ನೂ ಒರೆಸಿ ಒಣಗಿಸಿ, ಯಾವ ಅಂಟನ್ನೂ ಸವರದೆ, ನೀರಿನ ರಂಧ್ರಗಳು ಒಂದಕ್ಕೊಂದು ಕೂಡುವಂತೆ ಗ್ಯಾಸ್ಕೆಟ್ ಇಟ್ಟು, ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಮೂರು ಹಂತಗಳಲ್ಲಿ ಕೈಪಿಡಿಯ ಅಳತೆಗೆ ಬಿಗಿದೆ.

ಇಂಪೆಲ್ಲರ್ ಒಣಗಿ ಹರಿಯದಂತೆ ನೀರು ತುಂಬಿದ ಪೀಪಾಯಿಯಲ್ಲಿ ಮೋಟರನ್ನು ಇಳಿಸಿ, ಅರ್ಧ ಗಂಟೆ ಓಡಿಸಿದೆ. ಪೂರ್ತಿ ತಣಿದ ಮೇಲೆ ಮತ್ತೆ ರೆಂಚು ಹಿಡಿದಾಗ ನಡುವಿನ ಎರಡು ಬೋಲ್ಟುಗಳು ತುಸು ತಿರುಗಿದವು. ಆಮೇಲೆ ಬಿಚ್ಚಿ ನೋಡಿದರೆ ಎರಡೂ ಪ್ಲಗ್‌ಗಳು ಒಂದೇ ಬಣ್ಣದಲ್ಲಿದ್ದವು.