ದನ ಕಾಯುವ ಮನೆಯಿಂದ ದನದ ಡಾಕ್ಟರ್: ನನ್ನ ಅನುಭವ

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ನಾನು ವೈದ್ಯ. ನಮ್ಮ ಕಡೆ ಯಾವ ಹಟ್ಟಿಗೆ ಹೋದರೂ ಕುರಿ ಕೂಡುವ ರೊಪ್ಪ ಇರುತ್ತದೆ. ದನ ಸಾಕುವ ಮ್ಯಾಸ ನಾಯಕ ಸಮುದಾಯದಲ್ಲಿ ದೇವರ ಎತ್ತುಗಳ ಹಿಂಡು, ಅವನ್ನು ಕಾಯಲು ಕಿಲಾರಿಗಳು. ಇಷ್ಟು ಜಾನುವಾರು ಇರುವ ಹಟ್ಟಿಗಳಿಂದ ಪಶುವೈದ್ಯರಾದವರು ಮಾತ್ರ ನನಗೆ ಸಿಕ್ಕಿದ್ದು ತೀರಾ ಕಡಿಮೆ. ಯಾಕೆ ಅಂತ ತಿಳಿದದ್ದು ಒಂದು ಜಂತು ಔಷಧಿ ಕ್ಯಾಂಪಿನಲ್ಲಿ.

ಒಬ್ಬ ಕಿಲಾರಿಯ ಮೊಮ್ಮಗಳು ಅವತ್ತು ಕುರಿ ಹಿಡಿದುಕೊಡುತ್ತಿದ್ದಳು. ಹತ್ತನೇ ತರಗತಿ ಆಗಷ್ಟೇ ಮುಗಿದಿತ್ತು. ನಾನು ಔಷಧಿ ಅಳೆಯುವಷ್ಟರಲ್ಲಿ ಅವಳು ಒಂದು ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ, "ಸಾರ್, ಇದಕ್ಕೆ ರಕ್ತಾನೇ ಇಲ್ಲ, ಮೊದ್ಲು ಇದಕ್ಕೆ ಕುಡಿಸಿ" ಎಂದಳು. ನೋಡಿದರೆ ಒಳಗಡೆ ಸುಣ್ಣದಂತೆ ಬಿಳಿಚಿತ್ತು. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹಿಮಾಂಕಸ್ ಹುಳು ಜಾಸ್ತಿಯಾದಾಗ ಹೀಗಾಗುತ್ತದೆ. ನಾನು ಇದನ್ನು ಕಾಲೇಜಿನಲ್ಲಿ ಕಲಿತೆ, ಅವಳು ತಾತನ ಹಿಂದೆ ಓಡಾಡಿ ಕಲಿತಿದ್ದಳು.

"ಮುಂದೆ ಏನು ಓದ್ತೀಯಮ್ಮ?"

"ಆರ್ಟ್ಸ್ ಸಾರ್. ಹತ್ತಿರದ ಕಾಲೇಜಲ್ಲಿ ಅದೊಂದೇ ಇರೋದು."

ಬಾಗಿಲು ಮುಚ್ಚುವುದು ಅಲ್ಲೇ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದದಿದ್ದರೆ ಪಶುವೈದ್ಯ ಪದವಿ ಬಿ.ವಿ.ಎಸ್ಸಿ.ಗೆ ಅರ್ಜಿ ಹಾಕುವಂತೆಯೇ ಇಲ್ಲ. ಆ ಸಂಜೆಯೇ ಅವರ ಮನೆಗೆ ಹೋದೆ. ತಾತ ನನ್ನ ಮಾತು ಪೂರ್ತಿ ಕೇಳಿ ಹೇಳಿದರು: "ದನ ಕಾಯೋದು ನಮಗೇ ಸಾಕು ಅಂತ ಹುಡುಗೀನ ಶಾಲೆಗೆ ಹಾಕಿದ್ವಿ. ನೀವು ತಿರುಗಿ ದನದ ಹತ್ರಾನೇ ಕಳಿಸ್ತೀನಿ ಅಂತೀರಲ್ಲ ಸಾರ್."

ಈ ಮಾತನ್ನು ಆಮೇಲೆ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅದರಲ್ಲಿ ಒಂದು ತಲೆಮಾರಿನ ದಣಿವಿದೆ, ಅದನ್ನು ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ನಾನು ಲೆಕ್ಕ ಹೇಳಿದೆ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದೂವರೆ ವರ್ಷ. "ಎಷ್ಟು ಟಗರು ಮಾರಬೇಕಾಗ್ತದೆ?" ಎಂದರು ತಾತ. ವಿದ್ಯಾರ್ಥಿವೇತನ ಬರುತ್ತದೆ, ಆದರೆ ತಡವಾಗಿ ಬರುತ್ತದೆ, ಮೊದಲ ತಿಂಗಳ ಖರ್ಚು ನಾವೇ ಇಟ್ಟುಕೊಂಡಿರಬೇಕು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಹುಡುಗಿ ಚಳ್ಳಕೆರೆಯ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಸೈನ್ಸ್ ಸೇರಿದಳು.

ಅಲ್ಲಿಂದ ಹಟ್ಟಿಯ ಮಕ್ಕಳನ್ನು ಈ ಓದಿಗೆ ಕಳಿಸುವುದು ನನ್ನ ಕೆಲಸವೂ ಆಯಿತು. ಈಗ ಒಂಬತ್ತನೇ ತರಗತಿಯ ಮಕ್ಕಳ ಹತ್ತಿರವೇ ಮಾತು ಶುರು ಮಾಡುತ್ತೇನೆ.

ಸೀಟು ತಪ್ಪುವುದು ಬುದ್ಧಿ ಕಡಿಮೆಯಾಗಿ ಅಲ್ಲ, ಕಾಗದ ಸರಿಯಿಲ್ಲದೆ. ಸೀಟು ಹಂಚುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಲೆಕ್ಕ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿಯೂ ಬೇಕು. ಒಬ್ಬ ಹುಡುಗನ ಮನೆಯವರು ಕುರಿ ಹೊಡೆದುಕೊಂಡು ದಾವಣಗೆರೆ ಕಡೆ ಭದ್ರಾ ನೀರಿನ ಗದ್ದೆಗಳಿಗೆ ಹೋಗಿದ್ದರು. ಭತ್ತ ಕೊಯ್ದ ಮೇಲೆ ಅಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ಹಾಕುತ್ತಾರೆ. ಮಗನ ಓದು ನಿಲ್ಲಬಾರದೆಂದು ಆ ಒಂದು ವರ್ಷ ಪೇಟೆಯ ಶಾಲೆಗೆ ಸೇರಿಸಿದರು. ಅದರಿಂದಲೇ ಅವನ ಗ್ರಾಮೀಣ ಮೀಸಲಾತಿ ಹೋಯಿತು. ನನಗೆ ಇವತ್ತಿಗೂ ಇದು ನ್ಯಾಯ ಅನ್ನಿಸುವುದಿಲ್ಲ. ವಲಸೆ ಹೋಗುವ ಕುರಿಗಾಹಿಯ ಮಗನಿಗಿಂತ ಹಳ್ಳಿಯವನು ಬೇರೆ ಯಾರಿದ್ದಾರೆ?

ಅದಕ್ಕೇ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲೇ ಎಲ್ಲ ಕಾಗದ ಜೋಡಿಸುತ್ತೇವೆ. ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಥರ ಇದೆಯಾ? ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿದೆಯಾ? ಇನ್ನೊಂದು ಮಾತು. ಪಕ್ಕದ ಬಳ್ಳಾರಿ ಜಿಲ್ಲೆಗೆ 371ಜೆ (ಕಲ್ಯಾಣ ಕರ್ನಾಟಕ) ಮೀಸಲಾತಿ ಇದೆ, ಚಿತ್ರದುರ್ಗಕ್ಕೆ ಇಲ್ಲ. ಮೊಳಕಾಲ್ಮೂರಿನ ಗಡಿ ಹಳ್ಳಿಗಳವರು ಇದರಲ್ಲಿ ತುಂಬಾ ಗೊಂದಲ ಮಾಡಿಕೊಳ್ಳುತ್ತಾರೆ.

ಬೇಕಾದ ಕಾಲೇಜುಗಳನ್ನು ಆನ್‌ಲೈನ್‌ನಲ್ಲಿ ಆರಿಸುವ ಆಪ್ಷನ್ ಎಂಟ್ರಿಯಲ್ಲಿ ನನ್ನಿಂದಲೇ ಒಂದು ತಪ್ಪಾಗಿದೆ. ಮೊದಲ ವರ್ಷ ಒಬ್ಬ ಹುಡುಗ ಸೈಬರ್ ಅಂಗಡಿಯಲ್ಲಿ ಒಬ್ಬನೇ ಕೂತು, ಹತ್ತಿರ ಅಂತ ಶಿವಮೊಗ್ಗ, ಹಾಸನ ಎರಡನ್ನೇ ಹಾಕಿ ಬಂದ. ಅವನಿಗೆ ಸೀಟು ಸಿಗಲಿಲ್ಲ. ನಮ್ಮ ಜಿಲ್ಲೆಯಲ್ಲೂ ದಾವಣಗೆರೆಯಲ್ಲೂ ಪಶುವೈದ್ಯಕೀಯ ಕಾಲೇಜು ಇಲ್ಲ. ಬೀದರ್, ಗದಗ, ಬೆಂಗಳೂರಿನ ಹೆಬ್ಬಾಳ ಎಲ್ಲವನ್ನೂ ಹಾಕಬೇಕಿತ್ತು. ನಾನು ಪಕ್ಕದಲ್ಲಿ ಇರಬೇಕಿತ್ತು. ಈಗ ಆ ದಿನ ರಜೆ ಹಾಕಿ ಅವರ ಜೊತೆ ಕೂರುತ್ತೇನೆ.

ಸೀಟು ಸಿಕ್ಕ ಮೇಲಿನ ಮೊದಲ ವರ್ಷ ಬಹಳ ಕಷ್ಟ. ಆ ಹುಡುಗಿಗೆ ಶಿವಮೊಗ್ಗದಲ್ಲಿ ಸೀಟು ಸಿಕ್ಕಿತು. ಅನಾಟಮಿಯ ಮೊದಲ ಟೆಸ್ಟ್ ಆದ ರಾತ್ರಿ ಫೋನ್ ಮಾಡಿ ಅತ್ತಳು. "ಎಲ್ಲಾ ಇಂಗ್ಲಿಷ್ ಸಾರ್, ವಾಪಸ್ ಬಂದ್ಬಿಡ್ತೀನಿ." ನಾನು ಸುಮ್ನೆ ಕೇಳಿದೆ: ಜಾತ್ರೆಯಲ್ಲಿ ಕುರಿ ಕೊಯ್ದಾಗ ಹೊಟ್ಟೆ ತೊಳೆದಿದ್ದೀಯಲ್ಲ, ಒಳಗೆ ಹೇಗಿರುತ್ತೆ ಹೇಳು. ಜೇನುಗೂಡಿನ ಥರದ್ದೊಂದು, ಪುಸ್ತಕದ ಹಾಳೆಯ ಥರದ್ದೊಂದು ಎಂದು ಪಟಪಟ ಹೇಳಿದಳು. ಜೇನುಗೂಡು ರೆಟಿಕ್ಯುಲಮ್, ಹಾಳೆಯದು ಒಮೇಸಮ್, ಬರಕೋ ಎಂದೆ. ಅವತ್ತು ಶುರುವಾದ ನೋಟ್‌ಬುಕ್ಕಿನಲ್ಲಿ ಎಡಗಡೆ ಹಟ್ಟಿಯ ಮಾತು, ಬಲಗಡೆ ಕಾಲೇಜಿನ ಮಾತು. ಅದರ ಜೆರಾಕ್ಸ್ ಈಗ ಹೊಸದಾಗಿ ಸೇರುವ ಮಕ್ಕಳ ಕೈಯಲ್ಲಿದೆ.

ಏಪ್ರನ್, ಗಮ್‌ಬೂಟ್, ಡಿಸೆಕ್ಷನ್ ಬಾಕ್ಸ್ ಕೂಡ ಹೀಗೇ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಅವಳು ಈಗ ಇಂಟರ್ನ್‌ಶಿಪ್‌ನಲ್ಲಿದ್ದಾಳೆ. ಹೋದ ಸಲ ಊರಿಗೆ ಬಂದಾಗ ಬೂಟು ತೊಳೆದು ಒಣಗಿಸಿ ಆಸ್ಪತ್ರೆಗೆ ತಂದುಕೊಟ್ಟು, ನೇರ ರೊಪ್ಪಕ್ಕೆ ಹೋದಳು. ತಾತ ಒಂದು ಮರಿಯನ್ನು ಬೇರೆ ಕಟ್ಟಿ, ಅವಳಿಗೇ ಕಾಯುತ್ತಿದ್ದರು.