ಚೀಟಿಯಲ್ಲಿ ‘ಸಿಕಲ್ ಪಾಸಿಟಿವ್’ ಬಂದರೆ ಮುಂದೇನು?

ತಮಿಳುನಾಡಿನ ತಾಳವಾಡಿ, ಆಸನೂರು, ಮಸಿನಗುಡಿ, ಗೂಡಲೂರು ಕಡೆಯ ಹಾಡಿಗಳಲ್ಲಿ ರಕ್ತ ಪರೀಕ್ಷೆಯ ಶಿಬಿರ ನಡೆದರೆ ಕೊನೆಗೆ ಕೈಗೆ ಬರುವುದು ಒಂದು ಚೀಟಿ. ಅದರಲ್ಲಿ ‘ಸಿಕಲ್ ಪಾಸಿಟಿವ್’ ಎಂದಿದ್ದರೆ ಮನೆಮಂದಿಯ ಎದೆ ಧಸಕ್ಕೆನ್ನುತ್ತದೆ. ಸಿಕಲ್ ಎಂದರೆ ಕುಡುಗೋಲು ಕಣ ರೋಗ, ಅಪ್ಪ ಅಮ್ಮನಿಂದ ಜೀನ್ ಮೂಲಕ ಬರುವ ರಕ್ತದ ಕಾಯಿಲೆ. ಗಾಬರಿ ಬೇಡ, ಹಾಗೆಂದು ಚೀಟಿಯನ್ನು ಸೂರಿಗೆ ಸಿಕ್ಕಿಸಿ ಮರೆಯುವುದೂ ಬೇಡ. ರೋಗಿ ಯಾರು, ಆ ಜೀನ್‌ನ ಒಂದೇ ಪ್ರತಿ ಹೊತ್ತ ಬರೀ ವಾಹಕರು ಯಾರು ಎಂದು ಬೇರ್ಪಡಿಸುವ ಶಕ್ತಿ ಆ ಪರೀಕ್ಷೆಗೆ ಇಲ್ಲ.

ಇದು ಹೊರಗಿನಿಂದ ಬಂದ ಹೊಸ ಕಾಯಿಲೆಯೂ ಅಲ್ಲ. ಭಾರತದಲ್ಲಿ ಈ ಗುಣ ಮೊದಲು ಪತ್ತೆಯಾಗಿದ್ದೇ 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರ ರಕ್ತದಲ್ಲಿ. ಮಲೇರಿಯಾ ಕಾಡಿದ ಕಾಡುಸೀಮೆಗಳಲ್ಲಿ ಈ ಜೀನ್‌ನ ಒಂದೇ ಪ್ರತಿ ಇದ್ದವರಿಗೆ ಆ ಜ್ವರ ಪ್ರಾಣಕ್ಕೆ ಎರವಾಗುವುದು ಕಡಿಮೆ. ಅದಕ್ಕೇ ಅದು ತಲೆಮಾರುಗಳಿಂದ ಉಳಿದುಬಂದಿದೆ.

ಮೊದಲು ಎರಡನೇ ಪರೀಕ್ಷೆ

ಶಿಬಿರದಲ್ಲಿ ಮಾಡುವುದು ಸಾಲ್ಯುಬಿಲಿಟಿ ಪರೀಕ್ಷೆ. ಬೆರಳ ತುದಿಯಿಂದ ಸುಮಾರು 20 ಮೈಕ್ರೋಲೀಟರ್ ರಕ್ತ ತೆಗೆದು 2 ಮಿಲಿಲೀಟರ್ ದ್ರಾವಣಕ್ಕೆ ಬೆರೆಸಿ, ಐದು ನಿಮಿಷ ಬಿಟ್ಟು, ಟ್ಯೂಬಿನ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ನೆಗೆಟಿವ್, ದ್ರಾವಣ ಕದಡಿ ಗೆರೆ ಮರೆಯಾದರೆ ಪಾಸಿಟಿವ್. ಆರು ತಿಂಗಳೊಳಗಿನ ಮಗುವಿನಲ್ಲಿ, ತೀರಾ ರಕ್ತಹೀನತೆ ಇರುವವರಲ್ಲಿ ಇದು ಸುಳ್ಳು ನೆಗೆಟಿವ್ ತೋರಿಸಬಹುದು.

ಪಾಸಿಟಿವ್ ಬಂದವರಿಗೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ತೋರಿಸುವ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ ಆಗಲೇಬೇಕು. ವರದಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ‘ಎ ಎಸ್’ ಇದೆಯೋ, ‘ಎಸ್ ಎಸ್’ ಇದೆಯೋ? ‘ಎ ಎಸ್’ ಎಂದರೆ ವಾಹಕ. ಅವರಿಗೆ ಔಷಧ ಬೇಕಿಲ್ಲ. ‘ಎಸ್ ಎಸ್’ ಎಂದರೆ ರೋಗ. ಎಸ್ ಜೊತೆ ಬೀಟಾ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಇನ್ನೊಂದು ಜೀನ್ ದೋಷ) ಸೇರಿದ್ದರೂ ರೋಗವೆಂದೇ ಲೆಕ್ಕ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ದಾನಿಯ ರಕ್ತ ಬೆರೆತು ವರದಿ ಕೆಡುತ್ತದೆ. ಮೂರು ತಿಂಗಳು ಕಳೆದ ಮೇಲೆ ಪರೀಕ್ಷೆ ಮಾಡಿಸಿ.

ಗಂಡ ಹೆಂಡತಿ ಇಬ್ಬರೂ ‘ಎ ಎಸ್’ ಆಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಾಧ್ಯತೆ ಶೇ 25. ಮೊದಲ ಮಗುವಿಗೆ ಬಂದಿದೆ, ಇನ್ನು ಮೂರಕ್ಕೆ ಬಾರದು ಎಂಬ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಪರೀಕ್ಷೆ ಬೇಕೆಂದರೆ 10–12ನೇ ವಾರ ಸೂಕ್ತ. ಮುಟ್ಟು ನಿಂತ ಕೂಡಲೇ ನರ್ಸಮ್ಮನಿಗೆ ತಿಳಿಸಿದರೆ ಮಾತ್ರ ಇದು ಆಗುವ ಮಾತು.

ಒಳಗೆ ಆಗುವುದೇನು?

ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಕೂತಿರುತ್ತದೆ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಎಳೆಗಟ್ಟುತ್ತದೆ. ದುಂಡಗಿನ ಕೆಂಪು ಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ ಕಡಿಯುವ ನೋವು ಬರುವುದು ಹೀಗೆ. 120 ದಿನ ಬಾಳಬೇಕಾದ ಕಣ 10–20 ದಿನಕ್ಕೇ ಒಡೆಯುವುದರಿಂದ ರಕ್ತ ಕಡಿಮೆ, ಕಣ್ಣು ಹಳದಿ. ಇದನ್ನು ಕಾಮಾಲೆ ಎಂದು ತಿಳಿದು ನಾಟಿ ಮದ್ದು, ಪಥ್ಯ ಮಾಡಿಸುವವರೇ ಹೆಚ್ಚು.

ಹುಟ್ಟಿದ ಮಗು ಆರು ತಿಂಗಳವರೆಗೆ ಚೆನ್ನಾಗಿರುವುದು ಶಿಶು ಹಿಮೋಗ್ಲೋಬಿನ್ ಕೃಪೆಯಿಂದ. ಅದು ಇದ್ದಷ್ಟು ದಿನ ಎಳೆಗಟ್ಟುವುದಿಲ್ಲ. ಮುಂದೆ ಹೇಳುವ ಹಳೆಯ ಮಾತ್ರೆ, ಹೊಸ ಜೀನ್ ಚಿಕಿತ್ಸೆ ಎರಡರ ಗುಟ್ಟೂ ಇದೇ.

ಮನೆಯಲ್ಲಿ

ರೋಗವಿರುವ ಮಗುವಿಗೆ ಎರಡು ತಿಂಗಳಿಂದ ಮೂರು ವರ್ಷದವರೆಗೆ ಪೆನಿಸಿಲಿನ್ ವಿ 125 ಮಿಲಿಗ್ರಾಂ, ಆಮೇಲೆ ಐದು ವರ್ಷದವರೆಗೆ 250 ಮಿಲಿಗ್ರಾಂ, ದಿನಕ್ಕೆರಡು ಸಲ. ಈ ಮಕ್ಕಳಲ್ಲಿ ಸೋಂಕು ತಡೆಯುವ ಅಂಗವಾದ ಗುಲ್ಮ (ಸ್ಪ್ಲೀನ್) ಬೇಗ ಕೆಲಸ ನಿಲ್ಲಿಸುವುದರಿಂದ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಸೋಂಕು ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು. ಅದರ ಲಸಿಕೆಯನ್ನೂ ತಪ್ಪಿಸಬಾರದು. ಕೂಸಿನ ಕೈಬೆರಳು, ಪಾದ ಊದಿಕೊಂಡರೆ ಉಳುಕೆಂದು ನೀವಬೇಡಿ. ಎಡ ಪಕ್ಕೆಲುಬಿನ ಕೆಳಗೆ ಗುಲ್ಮವನ್ನು ಮುಟ್ಟಿ ನೋಡುವುದನ್ನು ತಾಯಿ ಕಲಿತಿರಬೇಕು. ಅದು ದಿಢೀರನೆ ದಪ್ಪಗಾಗಿ ಮಗು ಬಿಳಿಚಿಕೊಂಡರೆ ರಕ್ತವೆಲ್ಲ ಅಲ್ಲಿ ಶೇಖರವಾಗುತ್ತಿದೆ ಎಂದರ್ಥ.

ಹಾಸಿಗೆ ಒದ್ದೆ ಮಾಡುತ್ತಾನೆಂದು ಸಂಜೆ ನೀರು ನಿಲ್ಲಿಸುವುದು ದೊಡ್ಡ ತಪ್ಪು. ಮೂತ್ರ ಗಟ್ಟಿ ಮಾಡುವ ಶಕ್ತಿಯನ್ನೇ ಮೂತ್ರಪಿಂಡ ಕಳೆದುಕೊಂಡಿರುತ್ತದೆ. ನೀರು ಕಡಿಮೆಯಾದರೆ ನೋವು ಬರುತ್ತದೆ. ದೊಡ್ಡವರು ದಿನಕ್ಕೆ ಎರಡು ಮೂರು ಲೀಟರ್ ಕುಡಿಯಬೇಕು. ಮಸಿನಗುಡಿಯಿಂದ ಕಲ್ಲಟ್ಟಿಯ 36 ತಿರುವು ಹತ್ತಿ ಊಟಿಗೆ ಹೋಗುವಾಗ ಸ್ವೆಟರ್, ಟೋಪಿ, ನೀರಿನ ಬಾಟಲಿ ಬೇಕೇ ಬೇಕು. ಚಳಿಯೂ ಎತ್ತರವೂ ಕಣಗಳನ್ನು ಬಾಗಿಸುತ್ತವೆ. ನೋವಿಗೆ ಬಿಸಿ ಶಾಖ ಕೊಡಿ, ಐಸ್ ಇಡಬೇಡಿ. ಕಬ್ಬಿಣದ ಮಾತ್ರೆಯನ್ನು ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ದಾಸ್ತಾನು ತೋರಿಸುವ ರಕ್ತ ಪರೀಕ್ಷೆ) ನೋಡದೆ ನುಂಗಿಸಬೇಡಿ. ಇವರಿಗೆ ಬೇಕಿರುವುದು ಫೋಲಿಕ್ ಆಮ್ಲ.

ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿತೋ, ಎದೆನೋವಿನೊಂದಿಗೆ ಉಸಿರು ಕಟ್ಟಿತೋ, ಕೈಕಾಲು ಸ್ವಾಧೀನ ತಪ್ಪಿತೋ, ಬೆಳಗಾಗಲೆಂದು ಕಾಯಬಾರದು. 108ಕ್ಕೆ ಕರೆಮಾಡಿ. ದಿಂಬಂ ಘಾಟಿಯ ರಾತ್ರಿ ಸಂಚಾರ ನಿರ್ಬಂಧ ಆಂಬುಲೆನ್ಸ್‌ಗೆ ಅನ್ವಯಿಸುವುದಿಲ್ಲ.

ದಿನದ ಮಾತ್ರೆ

ಹೈಡ್ರಾಕ್ಸಿಯೂರಿಯಾ ಶಿಶು ಹಿಮೋಗ್ಲೋಬಿನ್ ಹೆಚ್ಚಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂನಿಂದ ಶುರು. 50 ಕಿಲೋ ತೂಗುವವರಿಗೆ 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್. ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು. ಒಂದು ತಿಂಗಳು ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಡುವುದರಿಂದಲೇ ಈ ಔಷಧಕ್ಕೆ ಕೆಟ್ಟ ಹೆಸರು. ಮೊದಮೊದಲು ತಿಂಗಳಿಗೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣ ಎಣಿಸಬೇಕು. ಬಿಳಿ ಕಣ ತೀರಾ ಇಳಿದರೆ, ಪ್ಲೇಟ್‌ಲೆಟ್ 80,000ಕ್ಕಿಂತ ಕೆಳಗೆ ಬಂದರೆ ವೈದ್ಯರು ಕೆಲ ದಿನ ನಿಲ್ಲಿಸಿ ಮತ್ತೆ ಕೊಡುತ್ತಾರೆ. ಬಸಿರಿನಲ್ಲಿ ಬೇಡ, ಮಗು ಬೇಕೆನ್ನುವ ಗಂಡಸರೂ ಮೊದಲೇ ವೈದ್ಯರಿಗೆ ತಿಳಿಸಬೇಕು.

ಹೊಸ ಚಿಕಿತ್ಸೆಗಳು

2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟ ಕ್ಯಾಸ್ಗೆವಿ, ಜೀನ್ ತಿದ್ದುವ ಕ್ರಿಸ್ಪರ್ ಕತ್ತರಿಯಿಂದ ಮಾಡುವ ಮೊದಲ ಚಿಕಿತ್ಸೆ. ರೋಗಿಯದೇ ಕಾಂಡಕೋಶ ತೆಗೆದು, ಶಿಶು ಹಿಮೋಗ್ಲೋಬಿನ್‌ಗೆ ಬ್ರೇಕ್ ಹಾಕುವ ಬಿಸಿಎಲ್11ಎ ಜೀನನ್ನು ಆ ಕೋಶಗಳಲ್ಲಿ ಸಡಿಲಿಸಿ, ಹಳೆಯ ಮಜ್ಜೆಯನ್ನು ಕೀಮೋ ಔಷಧ ಬುಸಲ್ಫಾನ್‌ನಿಂದ ಬರಿದು ಮಾಡಿ ಮತ್ತೆ ಒಳಗೆ ಬಿಡುತ್ತಾರೆ. ಪ್ರಯೋಗದಲ್ಲಿ ಲೆಕ್ಕಕ್ಕೆ ತೆಗೆದುಕೊಂಡ 31 ಮಂದಿಯಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವು ಮರುಕಳಿಸಲಿಲ್ಲ. ಬೆಲೆ 22 ಲಕ್ಷ ಡಾಲರ್, ಜೊತೆಗೆ ಮಕ್ಕಳಾಗದಿರುವ ಅಪಾಯ. ದೆಹಲಿಯ ಸರ್ಕಾರಿ ಸಂಶೋಧನಾ ಸಂಸ್ಥೆ ಐಜಿಐಬಿ ರೂಪಿಸಿದ ‘ಬಿರ್ಸಾ 101’ ಎಂಬ ಜೀನ್ ಚಿಕಿತ್ಸೆ ಅಗ್ಗದ ದೇಶಿ ದಾರಿ ಹುಡುಕುತ್ತಿದೆ. ಇಂಟರ್ನೆಟ್ಟಿನಲ್ಲಿ ಈ ರೋಗಕ್ಕೆಂದು ಬಂದಿದ್ದ ವಾಕ್ಸೆಲೋಟರ್ ಮಾತ್ರೆಯ ಹೆಸರು ಕಂಡರೆ ಹಿಂದೆ ಬೀಳಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಕಂಪನಿಯೇ ಅದನ್ನು ವಾಪಸ್ ಪಡೆದಿದೆ.

ಇಂದು ಕೈಗೆಟುಕುವ ಶಾಶ್ವತ ಚಿಕಿತ್ಸೆ ಅಸ್ಥಿಮಜ್ಜೆ ಕಸಿ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ (ಕಸಿಗೆ ಹೊಂದಬೇಕಾದ ಜೀವಕೋಶದ ಗುರುತು) ಹೊಂದುವ ಸಾಧ್ಯತೆ ತಲಾ ನಾಲ್ಕರಲ್ಲಿ ಒಂದು. ಮಗು ಚಿಕ್ಕದಿದ್ದಾಗ, ಅಂಗಾಂಗ ಕೆಡುವ ಮೊದಲು ಮಾಡಿಸಿದಷ್ಟೂ ಫಲ ಹೆಚ್ಚು. ಮಜ್ಜೆ ಕೊಡುವ ಅಣ್ಣನೋ ತಂಗಿಯೋ ‘ಎ ಎಸ್’ ಆಗಿದ್ದರೂ ಅಡ್ಡಿಯಿಲ್ಲ.