ವಾಟ್ ನೋಡಬೇಡಿ, ಮೇಜು ನೋಡಿ: 5 ಸಾವಿರದೊಳಗೆ ಕಂಪ್ಯೂಟರ್ ಸ್ಪೀಕರ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ಪೀಕರ್ ಕೊಳ್ಳಲು ಬಂದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ವಾಟ್?’ ಎರಡನೆಯದು ‘ಬೇಸ್ ಜಾಸ್ತಿ ಬರುತ್ತಾ?’ ಅಂಗಡಿಯವರು ಡಬ್ ಡಬ್ ಎನ್ನುವ ಹಾಡು ಹಾಕುತ್ತಾರೆ, ಕೌಂಟರ್ ನಡುಗುತ್ತದೆ, ವ್ಯಾಪಾರ ಮುಗಿಯುತ್ತದೆ. ಮನೆಗೆ ತಂದ ಮೇಲೆ ಒಂದು ಸ್ಪೀಕರ್ ಮಾನಿಟರ್ ಹಿಂದೆ ಸೇರುತ್ತದೆ, ಇನ್ನೊಂದು ಪ್ರಿಂಟರ್ ಮೇಲೆ. ಬೇಸ್ ಡಬ್ಬ ಕಾಲಿಗೆ ತಾಗುವ ಹಾಗೆ ಮೇಜಿನ ಕೆಳಗೆ. ವಾರ ಕಳೆಯುವುದರೊಳಗೆ ‘ಯಾಕೋ ಮಾತೇ ಸ್ಪಷ್ಟ ಕೇಳಲ್ಲ’ ಎಂಬ ದೂರು ಶುರು. ಇದನ್ನು ನೋಡಿ ನೋಡಿ ಸಾಕಾಗಿ ಈ ಲೇಖನ.

ಹಂತ 1: ಮೊದಲು ಅಟ್ಟ ಹುಡುಕಿ

ಕ್ಯಾಸೆಟ್ಟು, ಸಿಡಿ ಕಾಲದ ಮ್ಯೂಸಿಕ್ ಸಿಸ್ಟಂ ಎಷ್ಟೋ ಮನೆಗಳ ಅಟ್ಟದಲ್ಲಿ ಬಟ್ಟೆ ಹೊದ್ದು ಕುಳಿತಿದೆ. ಅದನ್ನು ಇಳಿಸಿ ಹಿಂಭಾಗ ನೋಡಿ. ಕೆಂಪು, ಬಿಳಿ ಬಣ್ಣದ ಎರಡು ತೂತುಗಳ ಬಳಿ ‘ಆಕ್ಸ್’ ಎಂದು ಬರೆದಿದ್ದರೆ ನಿಮ್ಮ ಬಜೆಟ್ ಅಲ್ಲೇ ಉಳಿಯಿತು. ಒಂದು ತುದಿಯಲ್ಲಿ 3.5 ಎಂಎಂ ಪಿನ್, ಇನ್ನೊಂದು ತುದಿಯಲ್ಲಿ ಕೆಂಪು-ಬಿಳಿ ಆರ್‌ಸಿಎ ಪಿನ್ ಇರುವ ಕೇಬಲ್ ತಂದು ಕಂಪ್ಯೂಟರಿನ ಹೆಡ್‌ಫೋನ್ ತೂತಿಗೂ ಈ ತೂತುಗಳಿಗೂ ಸಿಕ್ಕಿಸಿ. ನೂರಿನ್ನೂರು ರೂಪಾಯಿ ಸಾಕು. ಚಿನ್ನದ ಲೇಪನ, ದಪ್ಪ ಹೆಣಿಗೆ ಎಂದೆಲ್ಲ ಹೇಳಿ ಸಾವಿರ ರೂಪಾಯಿಯ ಕೇಬಲ್ ತೋರಿಸಿದರೆ ನಕ್ಕು ಮುಂದೆ ಹೋಗಿ. ಎರಡು ಮೀಟರ್ ದೂರಕ್ಕೆ ಅದರಿಂದ ಕಿವಿಗೆ ಏನೂ ವ್ಯತ್ಯಾಸ ಆಗುವುದಿಲ್ಲ.

ಸಿಡಿ ಓದದೇ ಇದ್ದರೂ ಒಳಗಿನ ಆಂಪ್ಲಿಫೈಯರ್ ಚೆನ್ನಾಗಿರಬಹುದು. ಸ್ಪೀಕರಿನ ಜಾಲರಿ ತೆಗೆದು ಕೋನಿನ (ಅದುರಿ ಸದ್ದು ಹೊರಡಿಸುವ ಲಾಳಿಕೆಯಂಥ ಭಾಗ) ಸುತ್ತಲಿನ ಅಂಚನ್ನು ಮೆಲ್ಲಗೆ ಮುಟ್ಟಿ ನೋಡಿ. ಸ್ಪಂಜಿನ ಅಂಚಾಗಿದ್ದು ಪುಡಿ ಉದುರಿದರೆ ಆ ಸ್ಪೀಕರ್ ಮುಗಿಯಿತು. ರಬ್ಬರಿನ ಅಂಚು ಬಹಳ ಕಾಲ ಬಾಳುತ್ತದೆ. ಸ್ಪೀಕರಿನ ವೈರ್ ಸಿಕ್ಕಿಸುವಾಗ ಎರಡೂ ಕಡೆ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಇರಲಿ. ಒಂದು ಬದಿ ತಿರುವುಮುರುವಾದರೂ ಶಬ್ದವೇನೋ ಬರುತ್ತದೆ. ಆದರೆ ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ಬೇಸ್ ಸಪ್ಪೆಯಾಗುತ್ತದೆ.

ಹಂತ 2: ಪಿ.ಜಿ.ಯಲ್ಲೋ ಹಾಸ್ಟೆಲಿನಲ್ಲೋ ಇದ್ದೀರಾ? ಸ್ಪೀಕರ್ ಬಿಡಿ, ವೈರ್ ಇರುವ ಒಳ್ಳೆಯ ಹೆಡ್‌ಫೋನ್ ತಗೊಳ್ಳಿ.

ಹಂತ 3: ವಾಟ್ ಲೆಕ್ಕ ನೀವೇ ಮಾಡಿ

ಡಬ್ಬದ ಮೇಲೆ ‘2000 ವಾಟ್ ಪಿಎಂಪಿಒ’ ಎಂದಿದ್ದರೆ ಡಬ್ಬ ಕೆಳಗಿಡಿ. ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಇಳಿಜಾರಿನಲ್ಲಿ ಸೈಕಲ್ ಒಂದು ಕ್ಷಣ ಮುಟ್ಟಿದ ವೇಗವನ್ನೇ ಅದರ ವೇಗ ಎಂದು ಹೇಳಿಕೊಂಡ ಹಾಗೆ ಅದು. ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ.

ಆರ್‌ಎಂಎಸ್ ಎಂದು ಬರೆದಿದ್ದರೂ ಸುಮ್ನೆ ನಂಬಬೇಡಿ. ಅಡಾಪ್ಟರ್ ತಿರುಗಿಸಿ ಓದಿ. ‘ಔಟ್‌ಪುಟ್’ ಎಂದಿರುವ ಸಾಲಿನ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸ್ಪೀಕರಿನ ಒಳಗೆ ಹೋಗುವ ವಿದ್ಯುತ್ ಎಷ್ಟೆಂದು ಗೊತ್ತಾಗುತ್ತದೆ. 12 ವೋಲ್ಟ್, 2 ಆಂಪಿಯರ್ ಎಂದರೆ 24 ವಾಟ್. ಅಷ್ಟೇ ಒಳಗೆ ಹೋದ ಮೇಲೆ ಡಬ್ಬ ಹೇಳುವ 60 ವಾಟ್ ನಿರಂತರವಾಗಿ ಹೊರಗೆ ಬರುವುದು ಎಲ್ಲಿಂದ? ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ ಸ್ಪೀಕರಿಗೂ ಇದೇ ಲೆಕ್ಕ. ಕಂಪ್ಯೂಟರಿನ ಹಳೆಯ ಯುಎಸ್‌ಬಿ 2.0 ಪೋರ್ಟು ನಿಯಮದ ಪ್ರಕಾರ ಕೊಡುವುದು 2.5 ವಾಟ್, 3.0 ಪೋರ್ಟು 4.5 ವಾಟ್. ಕ್ರಿಯೇಟಿವ್ ಪೆಬಲ್ ಎಂಬ ಪುಟ್ಟ ಜೋಡಿಯ ಮೇಲೆ 4.4 ವಾಟ್ ಎಂದಷ್ಟೇ ಇರುತ್ತದೆ. ಪ್ರಾಮಾಣಿಕ ಅಂಕಿ ಅಂದರೆ ಅದು. ಆನ್‌ಲೈನ್ ಮೀಟಿಂಗ್, ಪಾಠ, ಸುದ್ದಿ ಇಷ್ಟೇ ಆದರೆ ಆ ಬಗೆಯ ಸ್ಪೀಕರ್ ಧಾರಾಳವಾಯಿತು.

ಹಾಡು ಕೇಳುವವರಿಗೂ ಎರಡೂ ಬದಿ ಸೇರಿ 20 ವಾಟ್ ಆರ್‌ಎಂಎಸ್ ಇದ್ದರೆ ಸಾಕು. ನೀವು ಕೂರುವುದು ಎರಡೂವರೆ ಅಡಿ ದೂರದಲ್ಲಿ, ಕಲ್ಯಾಣ ಮಂಟಪದಲ್ಲಿ ಅಲ್ಲ. 20ರ ಬದಲು 40 ವಾಟ್ ತಂದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಮಾತ್ರ, ‘ಸ್ವಲ್ಪ ಜಾಸ್ತಿ ಆಯ್ತಾ?’ ಎನ್ನುವಷ್ಟು. ಕಿವಿಗೆ ಎರಡು ಪಟ್ಟು ಅನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು.

ಹಂತ 4: ಎರಡೇ ಡಬ್ಬ ಸಾಕು

5 ಸಾವಿರದೊಳಗೆ ನನ್ನ ಮಾತು ಒಂದೇ: 2.0 ತಗೊಳ್ಳಿ, 2.1 ಬೇಡ. 2.0 ಅಂದರೆ ಎಡಕ್ಕೊಂದು, ಬಲಕ್ಕೊಂದು ಡಬ್ಬ, ಅಷ್ಟೇ. 2.1 ಅಂದರೆ ಅದರ ಜತೆ ಒಂದು ಬೇಸ್ ಡಬ್ಬ. ಅಗ್ಗದ 2.1 ಸೆಟ್ಟಿನಲ್ಲಿ ಮೇಜಿನ ಮೇಲಿನ ಸ್ಪೀಕರುಗಳು ಅಂಗೈಯಷ್ಟೂ ಇರುವುದಿಲ್ಲ. ಎರಡು ಇಂಚಿನ ಕೋನಿಗೆ ಸುಮಾರು 200 ಹರ್ಟ್ಸ್‌ಗಿಂತ (ಸೆಕೆಂಡಿಗೆ 200 ಕಂಪನ) ಕೆಳಗಿನ ಸ್ವರ ಗಟ್ಟಿಯಾಗಿ ನುಡಿಸುವುದು ಕಷ್ಟ. ಆ ಕೆಲಸ ಕೆಳಗಿನ ಬೇಸ್ ಡಬ್ಬಕ್ಕೆ ಹೋಗುತ್ತದೆ. ಗಂಡಸರ ಮಾತಿನ ತಳಸ್ವರ ಇರುವುದೇ 100ರಿಂದ 150 ಹರ್ಟ್ಸ್ ಆಸುಪಾಸು. ಹಾಗಾಗಿ ವಾರ್ತೆ ಓದುವವರ ಅರ್ಧ ದನಿ ಪರದೆಯಿಂದ, ಇನ್ನರ್ಧ ನಿಮ್ಮ ಮೊಣಕಾಲಿನ ಹತ್ತಿರದಿಂದ ಬರುತ್ತದೆ.

ಅದೇ ದುಡ್ಡಿಗೆ ಮೂರು ಇಂಚಿನ ಕೋನ್ ಇರುವ, ಮರದ ಪುಡಿಯ ಎಂಡಿಎಫ್ ಹಲಗೆಯಲ್ಲಿ ಮಾಡಿದ ಎರಡು ಡಬ್ಬ ಹುಡುಕಿ. ಎದೆ ಅದುರುವ ಬೇಸ್ ಬರುವುದಿಲ್ಲ, ನಿಜ. ಆದರೆ ಸಂಗೀತ ಕಛೇರಿ ಕೇಳುವವರು ಹೆದರಬೇಕಿಲ್ಲ. ಗಾಯಕರ ತಂಬೂರಿಯ ಮಂದ್ರ ತಂತಿ 70 ಹರ್ಟ್ಸ್ ಹತ್ತಿರ ಇದ್ದರೂ ಅದರ ಮೇಲಿನ ಅನುಸ್ವರಗಳು ಸರಿಯಾಗಿ ಬಂದರೆ ಕೆಳಗಿನದನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ಐದು ಸ್ಪೀಕರ್, ಒಂದು ಬೇಸ್ ಡಬ್ಬ ಇರುವ 5.1 ಸೆಟ್ ಬೇಡವೇ ಬೇಡ. ಹಾಡುಗಳೆಲ್ಲ ಹೆಚ್ಚುಕಡಿಮೆ ಎಡ, ಬಲ ಎಂಬ ಎರಡು ಚಾನೆಲ್ಲಿನವೇ, ಉಳಿದ ಡಬ್ಬಗಳು ದೂಳು ತಿನ್ನುತ್ತವೆ. ಬಣ್ಣಬಣ್ಣದ ದೀಪ ಮಿನುಗುವ ಸ್ಪೀಕರೂ ಬೇಡ, ನಿಮ್ಮ ದುಡ್ಡಿನ ಪಾಲು ದೀಪಕ್ಕೆ ಹೋಗಿರುತ್ತದೆ. ಬ್ಲೂಟೂತ್ ಇದ್ದರೆ ಇರಲಿ, ಆದರೆ ವೈರ್ ಹಾಕುವ ಜಾಗವೂ ಕಡ್ಡಾಯ. ಬ್ಲೂಟೂತಿನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಗೇಮ್ ಆಡುವವರಿಗೆ, ಕೀಬೋರ್ಡ್ ನುಡಿಸುವವರಿಗೆ ಅದು ತಲೆನೋವು.

ಹಂತ 5: ಅಂಗಡಿಯಲ್ಲಿ ನಿಮ್ಮ ಹಾಡು ಹಾಕಿಸಿ

ನಿಮಗೆ ಬಾಯಿಪಾಠ ಬರುವ ಒಂದು ಹಾಡು, ಗಂಡಸೊಬ್ಬರು ಮಾತಾಡುವ ಒಂದು ತುಣುಕು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ಬೇಸ್ ಗುಂಡಿ ನಡುವಿನಲ್ಲಿರಲಿ. ಮೊದಲು ವಾಲ್ಯೂಮ್ ತೀರಾ ಕಡಿಮೆ ಇಟ್ಟು ಕೇಳಿ. ಅಗ್ಗದ ವಾಲ್ಯೂಮ್ ಗುಂಡಿಗಳಲ್ಲಿ ಕೆಳಮಟ್ಟದಲ್ಲಿ ಒಂದು ಬದಿ ಜೋರು, ಇನ್ನೊಂದು ಬದಿ ಮೆತ್ತಗೆ ಬರುವುದುಂಟು. ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ಕಾಟ. ಆಮೇಲೆ ಹಾಡು ನಿಲ್ಲಿಸಿ ಕಿವಿ ಹತ್ತಿರ ತನ್ನಿ. ತುಸು ಸುಯ್ ಎಂದರೆ ಪರವಾಗಿಲ್ಲ, ಗುಂಯ್ ಎಂದರೆ ಬೇಡ. ಜಿಎಸ್‌ಟಿ ಬಿಲ್ ತಗೊಳ್ಳಿ.

ಹಂತ 6: ಕೂರಿಸುವುದು

ಎಲ್ಲರೂ ಎಡವುವುದು ಇಲ್ಲೇ. 3 ಸಾವಿರದ ಸ್ಪೀಕರನ್ನು ಸರಿಯಾಗಿ ಕೂರಿಸಿದರೆ, ಅಡ್ಡಾದಿಡ್ಡಿ ಇಟ್ಟ 10 ಸಾವಿರದ್ದಕ್ಕಿಂತ ಚೆನ್ನಾಗಿ ಕೇಳುತ್ತದೆ. ಅರ್ಧ ಗಂಟೆ ಕೊಡಿ, ಅವಸರ ಬೇಡ.

ಒಂದು ದಾರ ತಗೊಳ್ಳಿ. ನೀವು ದಿನಾ ಕೂರುವ ಹಾಗೇ ಕೂತು, ಮೂಗಿನಿಂದ ಎಡ ಸ್ಪೀಕರಿಗೆ ಎಷ್ಟು ದೂರ ಎಂದು ಯಾರಿಂದಲಾದರೂ ಅಳೆಸಿ. ಬಲಕ್ಕೂ ಅಷ್ಟೇ ಇರಬೇಕು. ಎರಡು ಸ್ಪೀಕರುಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ಮೇಜು ಚಿಕ್ಕದಾದರೆ ನಡುವಿನ ದೂರ ಸ್ವಲ್ಪ ಕಡಿಮೆಯಾಗಲಿ, ಆದರೆ ಎಡ-ಬಲದ ದೂರ ಮಾತ್ರ ಸಮ ಇರಲೇಬೇಕು. ಒಂದು ಕಡೆ ಅರ್ಧ ಅಡಿ ಹತ್ತಿರ ಬಂದರೂ ಹಾಡುವವರು ಆ ಕಡೆಗೇ ಸರಿದುಬಿಡುತ್ತಾರೆ.

ಸ್ಪೀಕರಿನ ಮುಖ ಪರದೆಯ ಸಾಲಿಗೆ, ಸಾಧ್ಯವಾದರೆ ಎರಡು ಬೆರಳು ಮುಂದಕ್ಕೆ ಇರಲಿ. ಮಾನಿಟರ್ ಅಂಚು ಅಡ್ಡ ಬಂದರೆ ಕೀಚಲು ಸ್ವರಗಳೆಲ್ಲ ಅಲ್ಲೇ ತಡೆದು ನಿಲ್ಲುತ್ತವೆ. ಮಾತಿನ ಸ, ಶ, ಚ ಕೇಳುವುದು ಆ ಸ್ವರಗಳಿಂದಲೇ. ಎರಡನ್ನೂ ಸ್ವಲ್ಪ ಒಳಗೆ, ನಿಮ್ಮ ಕಡೆಗೆ ತಿರುಗಿಸಿ.

ಈಗ ಎತ್ತರ. ಕೂತಾಗ ಕಿವಿ ಮೇಜಿನಿಂದ ಸುಮಾರು ಒಂದೂವರೆ ಅಡಿ ಮೇಲಿರುತ್ತದೆ. ಸಣ್ಣ ಸ್ಪೀಕರಿನ ಬಾಯಿ ಇರುವುದು ಅರ್ಧ ಅಡಿ ಎತ್ತರದಲ್ಲಿ. ಅಂದರೆ ಅದು ಹಾಡುವುದು ನಿಮ್ಮ ಎದೆಗೆ. ಜತೆಗೆ ಮೇಜಿನ ಮೇಲೆ ಬಡಿದು ಬಂದ ಸದ್ದು ನೇರ ಬಂದ ಸದ್ದಿನ ಜತೆ ಕಲೆಸಿ ದನಿಯನ್ನು ಮಬ್ಬು ಮಾಡುತ್ತದೆ. ಇದಕ್ಕೆ ಅಂಗಡಿಯ ಸ್ಟ್ಯಾಂಡ್ ಬೇಕಿಲ್ಲ. ಒಂದೊಂದು ಇಟ್ಟಿಗೆಗೆ ಬಟ್ಟೆ ಸುತ್ತಿ ಕೆಳಗಿಡಿ, ಮುಂದಿನ ಅಂಚಿಗೆ ಶಾಲೆಯ ರಬ್ಬರ್ ತುಂಡು ಕೊಟ್ಟು ಮುಖ ಮೇಲಕ್ಕೆ ಮಾಡಿ. ಸ್ಪೀಕರ್ ಮತ್ತು ಇಟ್ಟಿಗೆ ನಡುವೆ ಹಳೆಯ ಮೌಸ್ ಪ್ಯಾಡ್ ಕತ್ತರಿಸಿ ಹಾಕಿದರೆ ಮೇಜು ಗಡಗಡ ಎನ್ನುವುದು ಕಡಿಮೆಯಾಗುತ್ತದೆ. ಗಾಜಿನ ಮೇಜಾದರೆ ಇದನ್ನು ಬಿಡಲೇಬೇಡಿ.

ಗೋಡೆಯಿಂದ ಕನಿಷ್ಠ ಅರ್ಧ ಅಡಿ ಮುಂದಿರಲಿ, ಅದರಲ್ಲೂ ಹಿಂಭಾಗದಲ್ಲಿ ಗಾಳಿ ತೂತು ಇರುವ ಡಬ್ಬವಾದರೆ. ಮೂಲೆಗೆ ಒತ್ತಿದಷ್ಟೂ ಬೇಸ್ ಉಬ್ಬಿ ಮಾತನ್ನು ನುಂಗುತ್ತದೆ. ನನ್ನ ಮಾತು ಮೀರಿ 2.1 ತಂದವರು ಬೇಸ್ ಡಬ್ಬವನ್ನು ಮೂಲೆಯಿಂದ ಎಳೆದು, ಎರಡು ಸ್ಪೀಕರುಗಳ ನಡುವೆ ಬರುವಂತೆ ನೆಲದ ಮೇಲಿಟ್ಟು, ಗುಂಡಿಯನ್ನು ಅರ್ಧಕ್ಕಿಂತ ಇಳಿಸಿ.

ಕೊನೆಗೆ ಒಬ್ಬರೇ ಮಾತಾಡುವ ತುಣುಕು ಹಾಕಿ ಕಣ್ಣು ಮುಚ್ಚಿ. ದನಿ ಪರದೆಯ ನಟ್ಟನಡುವಿನಿಂದ ಬರಬೇಕು. ಬರುತ್ತಿಲ್ಲವೇ? ಒಂದು ಸ್ಪೀಕರನ್ನು ಬೆರಳಗಲದಷ್ಟು ಸರಿಸಿ ಮತ್ತೆ ಕೇಳಿ. ದನಿ ಎಲ್ಲೂ ನಿಲ್ಲದೆ ತೇಲಾಡಿದರೆ ಹಂತ 1ರ ಕೆಂಪು-ಕಪ್ಪು ವೈರ್ ನೋಡಿ.

ಹಂತ 7: ಗುಂಯ್‌ಗುಡುವುದನ್ನು ನಿಲ್ಲಿಸಿ

ಆಡಿಯೋ ಕೇಬಲನ್ನು ಕಂಪ್ಯೂಟರಿನಿಂದಲೂ ಸ್ಪೀಕರಿನಿಂದಲೂ ಪೂರ್ತಿ ಬಿಚ್ಚಿ. ಆಗಲೂ ಗುಂಯ್ ಎಂದರೆ ದೋಷ ಸ್ಪೀಕರಿನದೋ ಅಡಾಪ್ಟರಿನದೋ, ಬಿಲ್ ಹಿಡಿದು ಅಂಗಡಿಗೆ ಹೋಗಿ. ನಿಂತರೆ, ಮತ್ತೆ ಸಿಕ್ಕಿಸಿ ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ನೋಡಿ. ಬ್ಯಾಟರಿಯಲ್ಲಿ ಓಡುವಾಗ ಸದ್ದಿಲ್ಲ ಅಂದರೆ ತಂಟೆ ಚಾರ್ಜರ್ ಮತ್ತು ಅರ್ಥಿಂಗ್ ದಾರಿಯಲ್ಲಿದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಆಡಿಯೋ ಕೇಬಲಿನ ನಡುವೆ ಸಿಕ್ಕಿಸುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂದು ಕೇಳಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೂರು ಪಿನ್ನಿನಲ್ಲಿ ದಪ್ಪ ಪಿನ್ ಕಿತ್ತುಹಾಕುವ ಸಲಹೆ ಕೊಡುವವರಿದ್ದಾರೆ. ಗುಂಯ್ ನಿಲ್ಲಬಹುದು, ಶಾಕ್ ಹೊಡೆಯುವ ದಾರಿಯೂ ತೆರೆಯುತ್ತದೆ. ಅದನ್ನು ಮುಟ್ಟಲೇಬೇಡಿ.

ಮೌಸ್ ಆಡಿಸಿದಾಗ ಕಿರ್ರ್ ಎನ್ನುವುದು ಬೇರೆ ಕಾಯಿಲೆ. ಡೆಸ್ಕ್‌ಟಾಪ್ ಆದರೆ ಮುಂದಿನ ತೂತು ಬಿಟ್ಟು ಹಿಂದಿನ ಹಸಿರು ತೂತಿಗೆ ಹಾಕಿ. ಹೋಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಚಿಕ್ಕ ಸೌಂಡ್ ಕಾರ್ಡ್ ಒಂದು ಸಾಕು.

ಹಂತ 8: ಕಂಪ್ಯೂಟರಿನ ವಾಲ್ಯೂಮ್ 80ರ ಮೇಲಿಟ್ಟು, ವಿಂಡೋಸ್‌ನ ಬೇಸ್ ಬೂಸ್ಟ್ ಆಫ್ ಮಾಡಿ, ಹೆಚ್ಚುಕಡಿಮೆ ಮಾಡುವುದನ್ನು ಸ್ಪೀಕರಿನ ಗುಂಡಿಯಲ್ಲೇ ಮಾಡಿ.